ಹುಲ್ಲು ಹೂಬಿಡುವ ತಾರೀಖು

ಏಪ್ರಿಲ್ ೪

ನನ್ನ ಹದ್ದುಗಣ್ಣನಿಗೆ,

ಕುಶಲ ಕೇಳುವುದನ್ನು ಕೊನೆಗಿಟ್ಟುಕೊಂಡಿದ್ದೇನೆ, ಬೈಯಬೇಡ. ಮೊದಲು ನನ್ನ ಕೆಲಸದ ಮಾತು. ನಿನ್ನಿಂದ ನನಗೊಂದು ತಾರೀಖು ಬೇಕು.

ನಮ್ಮ ದೊಡ್ಡಮ್ಮ ಗೊತ್ತಲ್ಲ, ಹೊಲದ ಹೆಂಗಸರು ಹೆಸರಿಟ್ಟ ಆ ಹುಲ್ಲು? ಹೋದ ವರ್ಷ ಹದಿಮೂರು ಅಡಿ ದಾಟಿದಳು. ಇಂಧನಕ್ಕೆ ಬೆಳೆಸುವ ಹುಲ್ಲಿಗೆ ಎತ್ತರವೇ ಐಶ್ವರ್ಯ. ಕೊಯ್ದು ಕಟ್ಟು ಕಟ್ಟಿ ಉರಿಸಿದರೆ ಒಂದು ಊರಿಗೆ ಬಿಸಿನೀರು, ಬೆಳಕು ಎರಡೂ ಆದೀತು. ಆದರೆ ಅವಳಿಗೆ ಎರಡು ಕೆಟ್ಟ ಚಾಳಿ. ಗಾಳಿ ಬೀಸಿದರೆ ಮಲಗಿಬಿಡುತ್ತಾಳೆ. ಚಳಿ ಬಂದರೂ ಒಣಗದೆ ಹಸಿಹಸಿಯಾಗಿ ನಿಂತಿರುತ್ತಾಳೆ. ಹಸಿ ಹುಲ್ಲು ಒಲೆಗಿಟ್ಟರೆ ಸಿಗುವುದು ಹೊಗೆ.

ನಿನ್ನ ರೈಲುಹಳಿಯ ದಿಬ್ಬದ ಹುಲ್ಲಿನದು ತದ್ವಿರುದ್ಧ ಸ್ವಭಾವ. ಎದೆಮಟ್ಟವೇ ಇರಬಹುದು, ರೈಲು ಎಬ್ಬಿಸುವ ಗಾಳಿಗೆ ದಿನಕ್ಕೆ ಇಪ್ಪತ್ತು ಸಲ ಬಾಗಿ ಇಪ್ಪತ್ತು ಸಲವೂ ಏಳುತ್ತದೆ. ಚಳಿ ಶುರುವಾದ ಕೂಡಲೇ ಸತ್ವವನ್ನೆಲ್ಲ ಬೇರುಗಡ್ಡೆಗೆ ಇಳಿಸಿಕೊಂಡು, ನಿಂತಲ್ಲೇ ಒಣಗಿ ಬಂಗಾರವಾಗುತ್ತದೆ. ಇವರಿಬ್ಬರನ್ನು ಸೇರಿಸಿ ಒಂದು ಹೊಸ ತಳಿ ತೆಗೆಯಬೇಕೆಂಬ ಹುಚ್ಚು ನನಗೆ ಎಷ್ಟು ವರ್ಷದಿಂದ ಇದೆ! ನೀನು ಕಳಿಸಿದ ಗಡ್ಡೆ ಎರಡು ಸಲವೂ ನಮ್ಮ ಜಿಗುಟು ಮಣ್ಣಿನಲ್ಲಿ ಕೊಳೆತುಹೋಯಿತು. ದೊಡ್ಡಮ್ಮನೋ, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೂಬಿಟ್ಟವಳಲ್ಲ. ಇಲ್ಲಿಯ ಬೇಸಿಗೆಯ ಹಗಲು ಅಷ್ಟು ಉದ್ದ. ಹಗಲು ಗಿಡ್ಡವಾಗಿ ಅವಳಿಗೆ ಹೂಬಿಡುವ ಮನಸ್ಸಾಗುವ ಹೊತ್ತಿಗೆ ಚಳಿ ಬಂದಿರುತ್ತದೆ.

ಈ ಸಲ ಅವಳಿಗೆ ಸುಳ್ಳು ಹೇಳಲಿದ್ದೇನೆ. ಡ್ರಮ್ಮಿನಲ್ಲಿ ನೆಟ್ಟು, ಸಂಜೆ ನಾಲ್ಕಕ್ಕೇ ಕತ್ತಲೆ ಕೋಣೆಗೆ ತಳ್ಳಿ, ಬೆಳಿಗ್ಗೆ ಎಂಟಕ್ಕೆ ಹೊರಗೆ ತೆಗೆಯುತ್ತೇನೆ. ಏಳು ವಾರ ಹೀಗೆ ಮಾಡಿದರೆ ಹಗಲು ಗಿಡ್ಡವಾಯಿತೆಂದು ನಂಬಿ ಹೂಬಿಡಬಹುದು. ಅದೇ ಹೊತ್ತಿಗೆ ನಿನ್ನ ಹುಲ್ಲೂ ಹೂಬಿಟ್ಟಿರಬೇಕು. ಪರಾಗ ಉದುರಿದ ಮೇಲೆ ಒಂದು ಗಂಟೆಯೂ ಬದುಕುವುದಿಲ್ಲ, ಲಕೋಟೆಯಲ್ಲಿ ಕಳಿಸುವಂಥದ್ದಲ್ಲ. ದಂಟನ್ನೇ ಕತ್ತರಿಸಿ ಬಕೆಟ್ಟಿನ ನೀರಿನಲ್ಲಿ ನಿಲ್ಲಿಸಿ ರೈಲಿಗೆ ಹಾಕಬೇಕು. ದಿನಕ್ಕಿಷ್ಟು ಎಂದು ಹೂ ಅರಳುತ್ತಾ ಬರುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ: ಯಾವ ತಾರೀಖಿಗೆ? ಅವಸರವೇನಿಲ್ಲ. ಈ ವರ್ಷವೇ ಆಗಲಿ ಎಂಬ ಆಸೆ, ಅಷ್ಟೇ.

ನಿನ್ನ ಹೆಂಡತಿಯ ಹೊಲಿಗೆ ಹೇಗೆ ನಡೆದಿದೆ? ನೀನು ಹೇಗಿದ್ದೀಯ?

ನಿನ್ನ ಅಕ್ಕ

ಏಪ್ರಿಲ್ ೧೯

ಅಕ್ಕಾ,

ಪತ್ರ ಬಂತು. ನನ್ನವಳು ಹೊಲಿಗೆ ಯಂತ್ರ ನಿಲ್ಲಿಸಿ ಜೋರಾಗಿ ಓದಿದಳು. "ನಿಮ್ಮಕ್ಕ ಹುಲ್ಲಿಗೂ ಸುಳ್ಳು ಹೇಳ್ತಾರಾ!" ಅಂತ ನಕ್ಕಳು.

ಈಗ ಅಲ್ಲಿ ಹುಲ್ಲು ಹೊಸದಾಗಿ ಎದ್ದಿದೆ. ಮೂರನೆಯ ಸೇತುವೆ ದಾಟಿದ ಮೇಲೆ ಸಿಗ್ನಲ್ ಕಂಬದವರೆಗೆ, ಹಳಿಯ ಎರಡೂ ಕಡೆ. ಬೆಳಗಿನ ಮಂಜಿನಲ್ಲಿ ನಡೆದುಹೋಗುವಾಗ ಹಳಿ ಕಾಣುವುದಿಲ್ಲ, ಹುಲ್ಲಿನ ಅಂಚು ಮಾತ್ರ ಹಸಿರು ದಾರದ ಹಾಗೆ ಕಾಣುತ್ತದೆ. ಅದನ್ನೇ ಹಿಡಿದು ನಡೆಯುತ್ತಿದ್ದೇನೆ ಅನ್ನಿಸುತ್ತದೆ. ಮೊದಲ ರೈಲು ಬರುವ ಸ್ವಲ್ಪ ಮುಂಚೆ ಹುಲ್ಲಿಗೆ ಗೊತ್ತಾಗುತ್ತದೆ ಅಕ್ಕಾ. ಗಾಳಿ ಇಲ್ಲದಿದ್ದರೂ ಸಣ್ಣಗೆ ನಡುಗುತ್ತದೆ.

ಹಳಿ ಪರೀಕ್ಷೆಯ ನನ್ನ ನಡಿಗೆಯನ್ನು ಈಚೆಗೆ ಸ್ವಲ್ಪ ಕಡಿಮೆ ಮಾಡಿದ್ದಾರೆ. ಆದರೂ ನೋಡಿ ಬರೆಯುತ್ತೇನೆ. ಅದೇನು ಮಹಾ ಕೆಲಸ.

ನಿನ್ನ ತಮ್ಮ

ಜೂನ್ ೨

ಹದ್ದುಗಣ್ಣ,

ನಿನ್ನ ಅಕ್ಷರ ನೋಡಿ ನಗು ಬಂತು. ಸಾಲು ಬೆಟ್ಟ ಹತ್ತುತ್ತದೆ, ಇಳಿಯುತ್ತದೆ, ಕೊನೆಗೆ ಒಂದರ ಮೇಲೊಂದು ಬೀಳುತ್ತದೆ. ಹಳಿಯ ಮೇಲೆ ಓಡುವ ಟ್ರಾಲಿಯಲ್ಲಿ ಕೂತು ಬರೆದೆಯಾ? ನಡಿಗೆ ಕಡಿಮೆ ಮಾಡಿದ್ದಾರೆ ಅಂದರೆ ನಿನ್ನನ್ನು ಟ್ರಾಲಿಗೆ ಹಾಕಿದ್ದಾರೆ, ಬಡ್ತಿ ಸಿಕ್ಕಿದೆ. ಬಾಯಿ ಬಿಟ್ಟು ಹೇಳಬಾರದೇ? ಚಿಕ್ಕಂದಿನಿಂದಲೂ ಹೀಗೆಯೇ ನೀನು. ದೂರದ ರೈಲಿನ ಹಲಗೆಯ ಮೇಲಿನ ಅಂಕಿ ಓದಿ ನಮ್ಮ ಹತ್ತಿರ ಬಾಜಿ ಗೆಲ್ಲುತ್ತಿದ್ದೆ, ಗೆದ್ದದ್ದನ್ನು ಮಾತ್ರ ಮುಚ್ಚಿಡುತ್ತಿದ್ದೆ.

ಕತ್ತಲೆ ಕೋಣೆ ಸಿದ್ಧವಾಗಿದೆ. ಹಳೆಯ ಬೀಜದ ಉಗ್ರಾಣ ಅದು. ಕಿಟಕಿಗೆ ಕಪ್ಪು ರಬ್ಬರ್ ಹಾಳೆ ಹೊಡೆಸಿ, ಬಾಗಿಲ ಸಂದಿಗೆ ಹಳೆಯ ಕಂಬಳಿ ತುರುಕಿದ್ದೇನೆ. ಸೂಜಿಮೊನೆಯಷ್ಟು ಬೆಳಕು ಬಂದರೂ ಅವಳಿಗೆ ಮೋಸ ಗೊತ್ತಾಗುತ್ತದೆ. ನಾನೇ ಒಳಗೆ ಕೂತು ಪರೀಕ್ಷೆ ಮಾಡಿದೆ. ಹೊರಗೆ ನಡುಹಗಲು. ಒಳಗೆ ನನ್ನ ಕೈ ನನಗೆ ಕಾಣಲಿಲ್ಲ. ನೀನಾಗಿದ್ದರೆ ಆ ಕತ್ತಲೆಯಲ್ಲೂ ಏನಾದರೂ ನೋಡಿರುತ್ತಿದ್ದೆ.

ಒಂದು ಮಾತು ಗಮನದಲ್ಲಿಡು. ಹುಲ್ಲಿನ ತುದಿಯಲ್ಲಿ ಹೊಡೆ ಕಟ್ಟುತ್ತದೆ, ಗರಿಯ ಬುಡ ಬಸುರಿಯ ಹೊಟ್ಟೆಯ ಹಾಗೆ ಉಬ್ಬುತ್ತದೆ. ಅದು ಒಡೆದು ಹೂಗೊಂಚಲು, ಆ ಸೂಲಂಗಿ, ಹೊರಗೆ ಬಂದ ಮೇಲೆ ಹೂ ಅರಳಲು ಮೂರು ನಾಲ್ಕು ದಿನ ಸಾಕು. ನಾನು ಆಗಸ್ಟ್ ಮೊದಲಲ್ಲಿ ಕತ್ತಲೆ ಶುರುಮಾಡಬೇಕೋ ಬೇಡವೋ ಎನ್ನುವುದು ನಿನ್ನ ಕಣ್ಣಿನ ಮೇಲೆ ನಿಂತಿದೆ.

ನಿನ್ನ ಅಕ್ಕ

ಜುಲೈ ೧೧

ಅಕ್ಕಾ,

ಸೆಪ್ಟೆಂಬರ್ ಇಪ್ಪತ್ತು. ಧೈರ್ಯವಾಗಿ ಬರೆದುಕೋ.

ಈಗ ಹುಲ್ಲು ಸೊಂಟದಷ್ಟಿದೆ. ಹೊಡೆ ಇನ್ನೂ ಇಲ್ಲ. ಸೆಪ್ಟೆಂಬರಿನಲ್ಲಿ ಸೂಲಂಗಿ ಬಂದಾಗ ಮೊದಲ ದಿನ ಅದು ನೇರಳೆ ಬಣ್ಣದ್ದು, ಆಮೇಲೆ ಬೆಳ್ಳಿ. ಮಧ್ಯಾಹ್ನದ ರೈಲು ಹಾದುಹೋದರೆ ಸೇತುವೆಯಿಂದ ಸಿಗ್ನಲ್‌ವರೆಗೆ ನದಿಯೊಂದು ಎದ್ದು ಕೂತ ಹಾಗೆ. ಗಾರ್ಡು ಬಾಗಿಲಲ್ಲಿ ನಿಂತು ಕೈ ಬೀಸುತ್ತಾನೆ. ನನಗೋ ಹುಲ್ಲಿಗೋ ಗೊತ್ತಾಗುವುದಿಲ್ಲ. ಇಪ್ಪತ್ತಾರು ವರ್ಷ ನೋಡಿದ್ದೇನೆ ಅಕ್ಕಾ, ಇದನ್ನು ಮರೆಯುವುದುಂಟೇ?

ಟ್ರಾಲಿಯ ವಿಷಯ ಏನು ಹೇಳಲಿ. ಕುಲುಕುತ್ತದೆ.

ನಿನ್ನ ತಮ್ಮ

ಆಗಸ್ಟ್ ೧

ಹದ್ದುಗಣ್ಣ,

ಇವತ್ತು ನಾಲ್ಕಕ್ಕೆ ಬಾಗಿಲು ಹಾಕಿದೆ. ಐದು ಡ್ರಮ್ಮು, ಒಂದೊಂದನ್ನೂ ತಳ್ಳಲು ಮೂರು ಜನ. ಹೊಲದ ಮೇಸ್ತ್ರಿಣಿ ಕಂಬಳಿ ತುರುಕುತ್ತಾ, "ಮಲ್ಕೋ ತಾಯಿ, ಬೆಳಿಗ್ಗೆ ಎಬ್ಬಿಸ್ತೀವಿ" ಅಂದಳು. ಬಾಗಿಲಿಗೆ ಕಿವಿಯಿಟ್ಟು ಕೇಳಿದೆ. ಗರಿ ಗರಿಗೆ ತಾಗಿ ಪಿಸುಗುಟ್ಟುವ ಸದ್ದು. ಹೊರಗೆ ಬಿಸಿಲು ಸುಡುತ್ತಿತ್ತು.

ಈ ಬೇಸಿಗೆ ಇಲ್ಲಿ ಬಿಸಿ ಜಾಸ್ತಿ. ಅಲ್ಲಿ?

ನಿನ್ನ ಅಕ್ಕ

ಸೆಪ್ಟೆಂಬರ್ ೧೭

ಬಿಟ್ಟಳು! ದೊಡ್ಡಮ್ಮ ಹೂಬಿಟ್ಟಳು!

ಬೆಳಿಗ್ಗೆ ಬಾಗಿಲು ತೆಗೆದರೆ ಎಲ್ಲಕ್ಕಿಂತ ಎತ್ತರದ ದಂಟಿನ ತುದಿಯಲ್ಲಿ ತಿಳಿಗೆಂಪು ಸೂಲಂಗಿ, ಸೂರು ಮುಟ್ಟಿ ಬಾಗಿತ್ತು. ಹನ್ನೊಂದು ವರ್ಷದ ಮೇಲೆ ಇವಳ ಹೂವಿನ ಬಣ್ಣ ಯಾವುದೆಂದು ನನಗೆ ಗೊತ್ತಾಯಿತು. ಮೇಸ್ತ್ರಿಣಿ ಅತ್ತಳು, ನಾನು ಅವಳನ್ನು ಬೈದೆ, ಆಮೇಲೆ ನಾನೂ ಅತ್ತೆ.

ಬಕೆಟ್ಟು ಕಳಿಸು. ಇಪ್ಪತ್ತು ದಂಟು. ಹುಲ್ಲಿಗೆ ತನ್ನದೇ ಪರಾಗ ಒಗ್ಗುವುದಿಲ್ಲ, ನಿನ್ನದೇ ಬರಬೇಕು.

ಅಕ್ಕ

ಸೆಪ್ಟೆಂಬರ್ ೨೧

ಅಕ್ಕಾ,

ಇಪ್ಪತ್ತೆರಡು ದಂಟು. ಒದ್ದೆ ಗೋಣಿ ಸುತ್ತಿ ಮಧ್ಯಾಹ್ನದ ಗಾರ್ಡಿನ ಕೈಗೆ ಕೊಟ್ಟಿದ್ದೇನೆ. ಚೆನ್ನಾಗಿ ಬಂದಿದೆ. ಮೆತ್ತಗೆ, ಬೆಕ್ಕಿನ ಮರಿಯ ಕಿವಿಯ ಹಾಗೆ.

ತಮ್ಮ

ಸೆಪ್ಟೆಂಬರ್ ೨೬

ಹದ್ದುಗಣ್ಣ,

ಬಕೆಟ್ಟು ತಲುಪಿತು. ಗೋಣಿ ಬಿಚ್ಚಿದ ಕೂಡಲೇ ಹತ್ತಿಯ ಹಾಗೆ ಕೋಣೆಯ ತುಂಬ ಹಾರಿತು. ಹೂವಲ್ಲ, ಬೀಜ. ನಿನ್ನ ಹುಲ್ಲು ಹೂಬಿಟ್ಟು ಮುಗಿಸಿ ಎರಡು ವಾರವಾದರೂ ಆಗಿದೆ. ಇಪ್ಪತ್ತೆರಡರಲ್ಲಿ ಒಂದರಲ್ಲೂ ಒಂದು ಕಣ ಪರಾಗ ಇಲ್ಲ.

ದೊಡ್ಡಮ್ಮನ ಹೂ ನಾಲ್ಕು ದಿನ ಕಾದು ಬಾಡಿಹೋಯಿತು.

ದಿನಾ ಹೋಗಿ ನೋಡುವವನಿಗೆ ಇಷ್ಟು ದೊಡ್ಡದು ಹೇಗೆ ಕಾಣಲಿಲ್ಲ? ಟ್ರಾಲಿಯಿಂದ ಇಳಿಯಲು ಸೋಮಾರಿತನವಾಯಿತೇ? ಆಗುವುದಿಲ್ಲ ಅಂದಿದ್ದರೆ ಬೇರೆಯವರನ್ನು ಕೇಳುತ್ತಿದ್ದೆ. ನಿನಗೆ ಇದೊಂದು ಆಟ. ನನಗಲ್ಲ.

ಇದಕ್ಕಿಂತ ಹೆಚ್ಚು ಬರೆದರೆ ಬರೆಯಬಾರದ್ದು ಬರೆದೇನು.

ಅಕ್ಟೋಬರ್ ೧೨

ತಮ್ಮಾ,

ಹದಿನಾರು ದಿನವಾಯಿತು. ನಿನ್ನ ಪತ್ರವಿಲ್ಲ. ಸಿಟ್ಟಿನಲ್ಲಿ ಬರೆದದ್ದು. ಏನಾದರೂ ಬರೆ. ಬೈದಾದರೂ ಬರೆ.

ಅಕ್ಕ

ಅಕ್ಟೋಬರ್ ೨೧

ಅಕ್ಕಾ,

ಈ ಪತ್ರ ಬರೆಯಲು ಮೂರು ದಿನ ಹಿಡಿಯಿತು. ಸಾಲು ತಪ್ಪಬಾರದೆಂದು ನನ್ನವಳ ಮರದ ಅಳತೆಪಟ್ಟಿಯನ್ನು ಕಾಗದದ ಮೇಲಿಟ್ಟು, ಅದಕ್ಕೆ ಬೆರಳು ಆನಿಸಿ ಬರೆಯುತ್ತಿದ್ದೇನೆ. ಮೊದಲಿನ ಪತ್ರಗಳನ್ನು ಪಟ್ಟಿಯಿಲ್ಲದೆ ಅಂದಾಜಿನ ಮೇಲೆ ಬರೆದೆ. ಟ್ರಾಲಿ ಇರಲಿಲ್ಲ.

ಫೆಬ್ರವರಿಯಲ್ಲಿ ಕಣ್ಣಿನ ಪರೀಕ್ಷೆ ಆಯಿತು. ಎರಡು ಕಣ್ಣಿನಲ್ಲೂ ನಡುಭಾಗ ಹೋಗಿದೆ. ಯಾವುದನ್ನು ನೋಡಲು ಹೋಗುತ್ತೇನೋ ಅದೇ ಅಳಿಸಿಹೋಗುತ್ತದೆ, ಅದರ ಸುತ್ತಲಿನದ್ದು ಉಳಿಯುತ್ತದೆ. ನಿನ್ನ ಮುಖ ನೋಡಿದರೆ ನಿನ್ನ ಕಿವಿ, ಹಿಂದಿನ ಗೋಡೆ ಕಾಣುತ್ತದೆ. ನೀನು ಕಾಣುವುದಿಲ್ಲ. ಹುಲ್ಲನ್ನು ನೋಡಬೇಕಾದರೆ ಆಕಾಶವನ್ನು ನೋಡಬೇಕು, ಆಗ ಕಣ್ಣಿನ ಅಂಚಿನಲ್ಲಿ ಹುಲ್ಲು ಬಂದು ನಿಲ್ಲುತ್ತದೆ. ತಿರುಗಿದೆನೋ, ಹೋಯಿತು. ವೈದ್ಯರು, "ಇದು ವಾಪಸ್ ಬರಲ್ಲ, ಇಷ್ಟರಲ್ಲೇ ನಿಂತ್ರೆ ಪುಣ್ಯ" ಅಂದರು.

ಅವತ್ತಿನಿಂದ ನನ್ನನ್ನು ಹಳಿಯ ಮೇಲೆ ಬಿಡುತ್ತಿಲ್ಲ. ಸಲಕರಣೆಯ ಕೋಣೆಯಲ್ಲಿ ಕೂತು ಸುತ್ತಿಗೆ, ಸ್ಪ್ಯಾನರ್ ಎಣಿಸಿ ಕೊಡುತ್ತೇನೆ. ನಿನಗೆ ಬರೆದ ನೇರಳೆ, ಬೆಳ್ಳಿ ಎಲ್ಲ ನೆನಪಿನದ್ದು. ತಾರೀಖೂ ನೆನಪಿನದ್ದೇ. ಈ ಸಲದ ಬಿಸಿಲಿಗೆ ಎರಡು ವಾರ ಮುಂಚೆ ಹೂಬಿಟ್ಟಿತೆಂದು ಈಗ ಹಳಿ ನೋಡಿಕೊಳ್ಳುವ ಗ್ಯಾಂಗಿನವರು ಹೇಳುತ್ತಾರೆ. "ನಾನೊಂದ್ಸಲ ಹೋಗಿ ನೋಡಿ ಬರ್ತೀನಿ" ಅಂತ ನನ್ನವಳು ಎಷ್ಟು ಸಲ ಹೇಳಿದಳು. "ನನ್ನ ಹುಲ್ಲು ನನಗ್ಗೊತ್ತು, ನೀನು ಗುಂಡಿ ಹೊಲಿ" ಅಂದೆ. ದಂಟು ಕತ್ತರಿಸಲು ಒಬ್ಬನೇ ಹೋದೆ. ಮೆತ್ತಗಿತ್ತು, ಹೂವೆಂದುಕೊಂಡೆ. ಬೀಜ ಹಾರಿಹೋಗಲು ಕಟ್ಟಿಕೊಂಡ ಕೂದಲು ಅದು.

ನಿನ್ನ ಸಿಟ್ಟಿನ ಪತ್ರವನ್ನು ಅವಳು ಓದುತ್ತಾ 'ಹೇಗೆ ಕಾಣಲಿಲ್ಲ' ಅನ್ನುವ ಕಡೆ ನಿಲ್ಲಿಸಿಬಿಟ್ಟಳು. ಮುಂದೆ ಓದು ಅಂದೆ. "ಮುಂದೆ ಏನೂ ಇಲ್ಲ" ಅಂದಳು. ಇತ್ತು ಅಂತ ನನಗೆ ಗೊತ್ತಾಯಿತು.

ಮೊದಲೇ ಹೇಳಬಹುದಿತ್ತು. ನೀನು ಪ್ರತಿ ಪತ್ರದ ನೆತ್ತಿಯ ಮೇಲೆ ಆ ಹೆಸರು ಬರೆಯುತ್ತಿದ್ದೆ. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ನಿನ್ನ ತಮ್ಮ

ಅಕ್ಟೋಬರ್ ೨೯

ತಮ್ಮಾ,

ನಿನ್ನ ಪತ್ರವನ್ನು ಕತ್ತಲೆ ಕೋಣೆಯ ಹೊಸ್ತಿಲ ಮೇಲೆ ಕೂತು ಓದಿದೆ. ಓದಿದ ಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಜೂನಿನಲ್ಲಿ ಇದೇ ಕತ್ತಲೆಯ ವಿಷಯ ನಿನಗೆ ತಮಾಷೆಯಾಗಿ ಬರೆದಿದ್ದೆ. ನಿನ್ನ ಹೆಂಡತಿ ಅದನ್ನೂ ನಿನಗೆ ಓದಿ ಹೇಳಿರುತ್ತಾಳೆ. ವಕ್ರ ಸಾಲು ನೋಡಿ ನಕ್ಕೆನಲ್ಲ! ಬೀಜದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಹುಡುಕುವವಳಿಗೆ ತಮ್ಮನ ಅಕ್ಷರ ಅರ್ಥವಾಗಲಿಲ್ಲ. ಕ್ಷಮಿಸು ಅನ್ನುವುದು ಚಿಕ್ಕ ಮಾತು, ಆದರೂ ಕ್ಷಮಿಸು.

ನಾನೂ ಒಂದು ಮುಚ್ಚಿಟ್ಟಿದ್ದೆ. ಅವಸರವಿಲ್ಲ ಅಂತ ಬರೆದದ್ದು ಸುಳ್ಳು. ನನ್ನ ಹೊಲ ನವೆಂಬರ್ ಕೊನೆಗೆ ಹೋಗುತ್ತದೆ. ಅಲ್ಲಿ ಸೌರಫಲಕ ಹಾಕುತ್ತಾರೆ. ಮಾರ್ಚಿನಲ್ಲೇ ನಮ್ಮ ಸಂಶೋಧನಾ ಕೇಂದ್ರದ ನಿರ್ದೇಶಕರು ಕರೆದು ಹೇಳಿದರು: "ಮೇಡಂ, ಫಲಕ ಹಾಕಿದ ದಿನಾನೇ ಕರೆಂಟ್ ಬರುತ್ತೆ. ನಿಮ್ಮ ಹುಲ್ಲು ಎಂಥದ್ದು ಅಂತ ತಿಳಿಯೋಕೇ ಮೂರು ವರ್ಷ ಬೇಕು." ಅವರ ಮಾತಿನಲ್ಲಿ ತಪ್ಪಿಲ್ಲ, ಅದೇ ಕಷ್ಟ. ಕೊನೆಗೆ ಒಂದು ದಾರಿ ಹೇಳಿದರು. ಬೀಜವಾದರೆ ಅದನ್ನು ಜಾಗವಿರುವ ಬೇರೆ ಕೇಂದ್ರಕ್ಕೆ ಒಪ್ಪಿಸಬಹುದು, ಬೀಜವಿಲ್ಲದಿದ್ದರೆ ಕಡತ ಮುಚ್ಚುವುದು. ನಿನಗೆ ಹೇಳಿದರೆ ನಿದ್ದೆಗೆಡುತ್ತೀಯ ಅಂತ ಹೇಳಲಿಲ್ಲ. ಹೇಳಿದ್ದರೆ ನೀನೂ ಹೇಳುತ್ತಿದ್ದೆಯೋ ಏನೋ.

ಇನ್ನು ಕೆಲಸದ ಮಾತು. ದೊಡ್ಡಮ್ಮನ ಬುಡದಿಂದ ತಡವಾಗಿ ಎದ್ದ ಎರಡು ದಂಟುಗಳಲ್ಲಿ ಈಗ ಹೊಡೆ ಕಟ್ಟಿದೆ. ಇನ್ನು ಹತ್ತು ಹನ್ನೆರಡು ದಿನ. ಅಲ್ಲಿ ಎಲ್ಲಾದರೂ ಹೂಬಿಡದ ಹುಲ್ಲು ಉಳಿದಿದೆಯೇ? ನೋಡುವುದು ಬೇಡ. ಮೇಲಿನ ಗರಿಯ ಬುಡವನ್ನು ಎರಡು ಬೆರಳಲ್ಲಿ ಹಿಡಿ. ಚಪ್ಪಟೆಯಾಗಿದ್ದರೆ ಏನೂ ಇಲ್ಲ. ದುಂಡಗಿದ್ದು, ಒಳಗೆ ನೂಲಿನ ಉಂಡೆ ಇಟ್ಟ ಹಾಗಿದ್ದರೆ ಹೊಡೆ. ತುದಿ ಸೀಳಿ ಒದ್ದೆ ರೇಷ್ಮೆಯಂಥದ್ದು ತಾಗಿದರೆ ಮೂರು ನಾಲ್ಕು ದಿನದಲ್ಲಿ ಅರಳುತ್ತದೆ. ಒಣ ಹತ್ತಿಯ ಹಾಗಿದ್ದರೆ ಮುಗಿದದ್ದು, ಬಿಡು.

ಅಕ್ಕ

ನವೆಂಬರ್ ೫

ಅಕ್ಕಾ,

ಸಿಕ್ಕಿತು.

ಸಿಗ್ನಲ್ ಕಂಬದ ಮುಂದೆ ಚಾಲಕನಿಗೆ ದೀಪ ಮರೆಯಾಗಬಾರದೆಂದು ಪ್ರತಿ ಜುಲೈಯಲ್ಲಿ ಗ್ಯಾಂಗಿನವರು ಹುಲ್ಲು ಕೊಯ್ಯುತ್ತಾರೆ. ಮತ್ತೆ ಚಿಗುರಿದ ಹುಲ್ಲಿನ ಹೊಡೆ ತಡ. ಈ ಮಾತು ನಿನ್ನೆ ನೆನಪಾಯಿತು. ಇವತ್ತು ಗ್ಯಾಂಗಿನ ಮೇಸ್ತ್ರಿಯ ಅಪ್ಪಣೆ ಕೇಳಿ ಇಬ್ಬರೂ ಹೋದೆವು. ಅವಳು ಮುಂದೆ, ನಾನು ಅವಳ ಹೆಗಲು ಹಿಡಿದು ಹಿಂದೆ. "ಕಣ್ಣು ನಂದು, ಬೆರಳು ನಿಮ್ದು" ಅಂದಳು. ಕಣ್ಣು ಮುಚ್ಚಿಯೇ ಹಿಡಿದು ನೋಡಿದೆ. ಚಪ್ಪಟೆ, ಚಪ್ಪಟೆ, ಹತ್ತಿ, ಚಪ್ಪಟೆ. ಅರ್ಧ ಗಂಟೆಯಾದ ಮೇಲೆ ನೂಲಿನ ಉಂಡೆ. ಅದರ ಪಕ್ಕದಲ್ಲೇ ಒದ್ದೆ ರೇಷ್ಮೆ. ಒಟ್ಟು ಏಳು ದಂಟು.

ಇದನ್ನು ಗಾರ್ಡಿನ ಕೈಗೆ ಕೊಡುವುದಿಲ್ಲ. ನಾನೇ ಹಿಡಿದುಕೊಂಡು ಬರುತ್ತೇನೆ. ನಾಳೆ ಮಧ್ಯಾಹ್ನದ ರೈಲು. ಗಾರ್ಡು ತನ್ನ ಬೋಗಿಯಲ್ಲೇ ಕೂರಿಸಿಕೊಳ್ಳುತ್ತಾನೆ. ನನ್ನವಳು ಬಕೆಟ್ಟಿನ ಹಿಡಿಗೆ ಹತ್ತಿ ಸುತ್ತಿ ಬಟ್ಟೆ ಹೊಲಿದಿದ್ದಾಳೆ, ಕೈಗೆ ಬೊಬ್ಬೆ ಬರಬಾರದಂತೆ. ಪ್ರಾಯಶಃ ನಾನು ಈ ಪತ್ರಕ್ಕಿಂತ ಮುಂಚೆಯೇ ತಲುಪುತ್ತೇನೆ. ಹಾಗಾದರೆ ನಿಲ್ದಾಣಕ್ಕೆ ಯಾರೂ ಬಂದಿರುವುದಿಲ್ಲ. ಚಿಂತೆಯಿಲ್ಲ, ಹದಿಮೂರು ಅಡಿಯ ಹುಲ್ಲು ಎಲ್ಲಿದೆ ಅಂತ ಕೇಳುತ್ತೇನೆ.

ತಮ್ಮ

ಫೆಬ್ರವರಿ ೧೮

ತಮ್ಮಾ,

ಈ ಪತ್ರವನ್ನು ನಿನ್ನವಳು ನಿಧಾನವಾಗಿ ಓದಲಿ.

ನೀನು ಊರಿಗೆ ಮರಳಿದ ಮೇಲೆ ಬರೆಯುವುದಕ್ಕೆ ಇಷ್ಟು ತಡವಾದದ್ದು ಎಣಿಸುವುದಿತ್ತೆಂದು. ನಲವತ್ತಮೂರು ಬೀಜ ಕಟ್ಟಿದ್ದವು. ಹತ್ತೊಂಬತ್ತು ಮೊಳೆತವು. ಎಲ್ಲದರ ಎಲೆಯ ತುಣುಕು ಪರೀಕ್ಷಿಸಿದ್ದೇವೆ. ಹತ್ತೊಂಬತ್ತರಲ್ಲೂ ದೊಡ್ಡಮ್ಮನ ಅಂಶವೂ ಇದೆ, ನಿನ್ನ ದಿಬ್ಬದ್ದೂ ಇದೆ.

ಆ ಬೆಳಿಗ್ಗೆ ನೀನು ಬಕೆಟ್ಟು ಹಿಡಿದು ಹೊಲದ ಗೇಟಿನಲ್ಲಿ ನಿಂತದ್ದು, ನನ್ನ ಕಡೆ ನೋಡದೆ ನನ್ನ ಪಕ್ಕದ ಗೋಡೆಯನ್ನು ನೋಡುತ್ತಾ ನಕ್ಕದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನನ್ನು ನೋಡುವುದಕ್ಕೆಂದೇ ಹಾಗೆ ಮಾಡುತ್ತಿದ್ದೀಯೆಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಆಮೇಲೆ ಕೋಣೆಯಲ್ಲಿ ನೀನು ಏಣಿಯ ಮೇಲೆ ನಿಂತು ಒಂದೊಂದೇ ದಂಟನ್ನು ದೊಡ್ಡಮ್ಮನ ಸೂಲಂಗಿಯ ಮೇಲೆ ತಟ್ಟಿದೆ. ಬಾಗಿಲಿನಿಂದ ಬಂದ ಬಿಸಿಲಿನ ಕೋಲಿನಲ್ಲಿ ಹಳದಿ ಹೊಗೆ ಇಳಿಯಿತು. "ಬಿತ್ತಾ? ಬಿತ್ತಾ?" ಅಂತ ನೀನು ಕೇಳುತ್ತಲೇ ಇದ್ದೆ. ನಾನು ಏಣಿ ಹಿಡಿದುಕೊಂಡು ಮುಂದಿನ ದಂಟನ್ನು ನಿನ್ನ ಕೈಗಿಡುತ್ತಿದ್ದೆ, ಅಷ್ಟೇ. ಈಗ ಹೇಳುತ್ತಿದ್ದೇನೆ. ಬಿತ್ತು.

ಹೊಲ ಉತ್ತಾಯಿತು. ದೊಡ್ಡಮ್ಮನ ಗಡ್ಡೆ ಕಿತ್ತು ರಾಶಿ ಹಾಕಿದರು. ಡ್ರಮ್ಮುಗಳಲ್ಲಿ ಒಂದನ್ನು ಮೇಸ್ತ್ರಿಣಿ ಇನ್ನಿಬ್ಬರನ್ನು ಸೇರಿಸಿಕೊಂಡು ತನ್ನ ಮನೆಯ ಹಿತ್ತಿಲಿಗೆ ತಳ್ಳಿಕೊಂಡು ಹೋದಳು. ನಿರ್ದೇಶಕರು ನೋಡಿಯೂ ನೋಡದ ಹಾಗೆ ಕಿಟಕಿ ಮುಚ್ಚಿಕೊಂಡರು. ಸಸಿಗಳು ಮುಂದಿನ ವಾರ ಬೇರೆ ಕೇಂದ್ರಕ್ಕೆ ಹೋಗುತ್ತವೆ. ನಾನು ಜೊತೆಗೆ ಹೋಗುವಂತಿಲ್ಲ, ನನಗೆ ಇಲ್ಲಿಯೇ ಬೀಜದ ಕಡತ ನೋಡುವ ಕೆಲಸ ಕೊಟ್ಟಿದ್ದಾರೆ. ಅವು ಗಾಳಿಗೆ ನಿಲ್ಲುತ್ತವೆಯೇ, ಚಳಿಗೆ ಒಣಗುತ್ತವೆಯೇ ಎಂದು ತಿಳಿಯಲು ಮೂರು ವರ್ಷ. ಯಾರೋ ಒಬ್ಬರು ನೋಡಿ ಬರೆಯುತ್ತಾರೆ. ಎರಡು ದಿನ ಊಟ ಸೇರಲಿಲ್ಲ. ಈಗ ಪರವಾಗಿಲ್ಲ.

ಸಸಿಗಳ ಜೊತೆ ಹೋಗುವ ವಂಶಾವಳಿ ಪುಸ್ತಕವನ್ನು ನಾನೇ ತುಂಬಿದೆ. ತಾಯಿ, ತಂದೆ, ತಂದೆ ಸಿಕ್ಕಿದ ಜಾಗ. 'ಗುರುತಿಸಿದವರು' ಎಂಬಲ್ಲಿ ನಿನ್ನ ಹೆಸರು ಬರೆದೆ. ಅದರ ಪಕ್ಕದಲ್ಲಿ 'ಗುರುತಿಸಿದ ವಿಧಾನ' ಎಂದೊಂದು ಖಾನೆಯಿದೆ. ಎಲ್ಲರೂ ಅಲ್ಲಿ 'ನೋಡಿ' ಎಂದು ಬರೆಯುತ್ತಾರೆ, ಇಲ್ಲವೇ ಖಾಲಿ ಬಿಡುತ್ತಾರೆ. ನಾನು 'ಮುಟ್ಟಿ' ಎಂದು ಬರೆದೆ. ನಿರ್ದೇಶಕರು ಆ ಖಾನೆಯ ಮೇಲೆ ಪೆನ್ನಿನ ತುದಿ ಇಟ್ಟರು. "ಇದು ಹೀಗೇ ಇರ್ಲಾ?" ಅಂದರು. ಇರಲಿ ಸಾರ್ ಅಂದೆ. ಸಹಿ ಹಾಕಿದರು.

ಅಕ್ಕ

ಮಾರ್ಚ್ ೨೭

ಅಕ್ಕಾ,

ನಿನ್ನ ಪತ್ರವನ್ನು ಅವಳು ಎರಡು ಸಲ ಓದಿದಳು. ಈ ಸಲ ಎಲ್ಲಿಯೂ ನಿಲ್ಲಿಸಲಿಲ್ಲ.

ಸಲಕರಣೆಯ ಕೋಣೆಯಲ್ಲಿ ನಾನು ಈಗ ಸುತ್ತಿಗೆಯ ಹಿಡಿ ಸಡಿಲವಾಗಿದೆಯೋ ಇಲ್ಲವೋ ಎಂದು ಮುಟ್ಟಿಯೇ ಹೇಳುತ್ತೇನೆ, ಗ್ಯಾಂಗಿನವರು ನನ್ನ ಕೈಗೆ ಕೊಡದೆ ಯಾವುದನ್ನೂ ಹೊರಗೆ ಒಯ್ಯುವುದಿಲ್ಲ. ಕಣ್ಣು ಇಷ್ಟರಲ್ಲೇ ನಿಂತಿದೆ. ನಾಳೆಯ ಮಾತು ಗೊತ್ತಿಲ್ಲ.

ನೀನು ಕೇಳಲಿಲ್ಲ, ಆದರೂ ಬರೆಯುತ್ತಿದ್ದೇನೆ. ಬೆಳಿಗ್ಗೆ ಇಬ್ಬರೂ ಮೂರನೆಯ ಸೇತುವೆಯವರೆಗೆ ಹೋಗಿದ್ದೆವು. ಒಣ ಹುಲ್ಲಿನ ಬುಡದಲ್ಲಿ ಹೊಸ ಮೊಳಕೆ ಬಂದಿದೆ, ಕಿರುಬೆರಳಿನಷ್ಟು, ತುದಿ ಚೂಪು, ತಣ್ಣಗಿದೆ. ಇದು ನೆನಪಿನಿಂದ ಬರೆದದ್ದಲ್ಲ ಅಕ್ಕಾ. ಬಗ್ಗಿ ಮುಟ್ಟಿ ಬಂದು, ಕೈ ತೊಳೆಯದೆ ಬರೆಯುತ್ತಿದ್ದೇನೆ.

ನಿನ್ನ ತಮ್ಮ